ಮೀನುಗಳು ವಯಾ ನಾಯಕನಹಟ್ಟಿ

ಬಸ್ಸಿನ ಮುಂದಿನ ಗಾಜಿನಲ್ಲಿ ರಸ್ತೆ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಅದೇ ಗಾಜಿನಲ್ಲಿ ಮೀನು ನೋಡಬೇಕೆಂದರೆ ಮಾತ್ರ ಮೊಳಕಾಲ್ಮೂರಿಗೆ, ನನ್ನ ಸೋದರಮಾವನ ಮನೆಗೇ ಬರಬೇಕು. ಇಡೀ ತಾಲ್ಲೂಕಿನಲ್ಲಿ ಬೇರೆಲ್ಲೂ ಈ ಸೌಲಭ್ಯವಿಲ್ಲ. "ಇರಲೂಬಾರದು" ಎನ್ನುತ್ತಾಳೆ ನಮ್ಮ ಅವ್ವ. ಆಕೆ ಮಾವನ ಅಕ್ಕ. ತಮ್ಮನನ್ನು ತೊಟ್ಟಿಲಿನಿಂದ ನೋಡಿಕೊಂಡು ಬಂದವಳು.

ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ತೂಕ ಬರೆಯುವವನು. ದಿನವೆಲ್ಲಾ ಬರೆದು ಬರೆದು, ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಡೈರಿ ಇಟ್ಟಿದ್ದೇನೆ. ಮಳೆ ಬಂದದ್ದು, ಮಳೆ ಬಾರದೆ ಬರೀ ಮೋಡ ಬಂದು ಹೋದದ್ದು, ಬಸ್ಸು ತಡವಾದದ್ದು, ಎಲ್ಲಕ್ಕೂ ಗೀಟು ಹಾಕಿ ತಿಂಗಳ ಕೊನೆಗೆ ಕೂಡಿ ಲೆಕ್ಕ ಬರೆಯುತ್ತೇನೆ. ಮಾವನಿಗೆ ಪ್ರತ್ಯೇಕ ಪುಟಗಳಿವೆ. ಭಾನುವಾರದ ಊಟ ಅವರ ಮನೆಯಲ್ಲೇ ಆದ್ದರಿಂದ ಆ ಪುಟಗಳು ಖಾಲಿ ಉಳಿದದ್ದೇ ಇಲ್ಲ!

ಮಾವ ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗಕ್ಕೆ ಕೂತವರಲ್ಲ. ಬೋರ್‌ವೆಲ್ ಮೋಟಾರು ರಿಪೇರಿ ಅವರ ಕಸುಬು. ಬಿ.ಜಿ. ಕೆರೆ ಕಡೆ ಯಾವ ಹೊಲದಲ್ಲಿ ಮೋಟಾರು ಸುಟ್ಟರೂ ಅವರ ಹಳೇ ಮೊಪೆಡ್ಡು ಹೊರಡುತ್ತದೆ. ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ. ತೊಂದರೆ ಇರುವುದು ಕೆಲಸ ಇಲ್ಲದ ದಿನಗಳಲ್ಲಿ. ಒಮ್ಮೆ ಹೀಗೇ ಕೆಲಸವಿಲ್ಲದ ದಿನ ಕೋಳಿ ಗೂಡಿಗೆ ಕಾಲಿಂಗ್ ಬೆಲ್ ಹಾಕಿದರು. ಕೋಳಿ ಮೊಟ್ಟೆ ಇಡಲು ಕೂತ ಕೂಡಲೇ ಮನೆಯೊಳಗೆ ಬೆಲ್ ಹೊಡೆಯಬೇಕು ಎಂಬುದು ಯೋಜನೆ. ಕೋಳಿಗಳಿಗೆ ಆ ಸದ್ದು ಬಹಳ ಹಿಡಿಸಿಬಿಟ್ಟಿತು. ಸುಮ್ಮನೆ ಬಂದು ಕೂರುವುದು, ಬೆಲ್ ಕೇಳುವುದು, ಎದ್ದು ಹೋಗುವುದು! ಅತ್ತೆ ದಿನವಿಡೀ ಬಾಗಿಲು ತೆಗೆದು ತೆಗೆದು ಸಾಕಾದರು. ಆ ಭಾನುವಾರದ ನನ್ನ ಲೆಕ್ಕ ಹೀಗಿದೆ: ಬೆಲ್ ಇಪ್ಪತ್ತಾರು, ಮೊಟ್ಟೆ ಒಂದು.

ಅತ್ತೆಯ ಬಗ್ಗೆ ಈಗಲೇ ಹೇಳಿಬಿಡಬೇಕು. ಅತ್ತೆ ಆಂಧ್ರದ ಗಡಿಯಾಚೆಯಿಂದ ಬಂದವರು. ಮನೆಯಲ್ಲಿ ಕನ್ನಡ, ಸಿಟ್ಟು ನೆತ್ತಿಗೇರಿದಾಗ ತೆಲುಗು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವುದರಲ್ಲಿ ಅವರದು ಎತ್ತಿದ ಕೈ. ಅವರದು ಗುಂಡಿ ಮಗ್ಗ. ನೆಲದಲ್ಲಿ ಒಂದು ಗುಂಡಿ, ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತಾ, ನೂಲಿನ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಓಡಿಸುತ್ತಾ ನೇಯುವುದು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಹಗಲೆಲ್ಲಾ ಕಳೆದದ್ದು ಆ ಗುಂಡಿಯಲ್ಲೇ. ನಡುವೆ ಕೈ ಸೋತಾಗ ಹಿಂದಿನ ಗೋಡೆಗೆ ತಲೆ ಒರಗಿಸುತ್ತಿದ್ದರು. ಗೋಡೆಯ ಆ ಜಾಗದಲ್ಲಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಜಿಡ್ಡು ಕೂತು, ತಟ್ಟೆಯಷ್ಟಗಲ ಕಪ್ಪು ಕಲೆಯಾಗಿತ್ತು.

ಮಾವ ಮಗ್ಗಕ್ಕೆ ಮಾಡುತ್ತಿದ್ದ ಕೆಲಸ ಒಂದೇ. ಮಗ್ಗದ ಆ ತುದಿಯಲ್ಲಿ ಎಳೆ ಕಡಿದರೆ, ಕೂತಲ್ಲಿಂದ ಅತ್ತೆಯ ಕೈಗೆ ಎಟುಕುವುದಿಲ್ಲ. ಆಗ ಅತ್ತೆ ಕೂಗುತ್ತಿದ್ದರು:

"ಎಳೆ ಕಡೀತು ನೋಡ್ರೀ!"

ಮಾವ ಎಲ್ಲಿದ್ದರೂ ಬರಬೇಕು. ಬರೀ ಬಂದರೆ ಸಾಲದು, ಗ್ರೀಸು ಕೈ ತೊಳೆದುಕೊಂಡು ಬರಬೇಕು. ಒಮ್ಮೆ ಮರೆತು ಹಾಗೇ ಬಂದು, ಬಿಳಿ ರೇಷ್ಮೆಯ ಮೇಲೆ ಹೆಬ್ಬೆಟ್ಟು ಒತ್ತಿದ್ದರು. ಆ ದಿನ ಅತ್ತೆ ಆಡಿದ ತೆಲುಗು ರಾಯದುರ್ಗದವರೆಗೂ ಕೇಳಿಸಿರಬೇಕು!

ಹೋದ ದೀಪಾವಳಿಗೆ ಮುಂಚೆ ಅತ್ತೆಯ ಮಂಡಿ ಊದಿತು. ಇನ್ನು ಮೇಲೆ ಹಲಗೆ ತುಳಿಯಲೇಬಾರದು, ನೆಲದ ಮೇಲೆ ಮಂಡಿ ಮಡಿಚಿ ಕೂರಲೂಬಾರದು ಎಂದರು ಡಾಕ್ಟರು. ಮಗ್ಗವನ್ನು ಬಿಚ್ಚಿ ಇನ್ನೊಬ್ಬ ನೇಕಾರರಿಗೆ ಕೊಟ್ಟದ್ದಾಯಿತು. ಮಗ್ಗದ ಕೊನೇ ಮರ ಬಾಗಿಲು ದಾಟಿದ ಮೇಲೆ ಅತ್ತೆ ಮಗ್ಗದ ಮನೆ ಎನ್ನುವ ಆ ಕೋಣೆಯ ಚಿಲಕ ಹಾಕಿದರು. ಅಷ್ಟೇ. ಆಮೇಲೆ ಅದರೊಳಗೆ ಕಾಲಿಡಲಿಲ್ಲ. ಮಗ್ಗದ ಮನೆಯ ಕಡೆ ತಿರುಗಿಯೂ ನೋಡದೆ, ಅಡುಗೆಮನೆಗೂ ನಡುಮನೆಯ ಪ್ಲಾಸ್ಟಿಕ್ ಕುರ್ಚಿಗೂ ಓಡಾಡಿಕೊಂಡಿದ್ದರು. "ಕುರ್ಚಿಯೇನು ಕುರ್ಚಿ, ಬಸ್ ಸ್ಟ್ಯಾಂಡಾಗೆ ಕೂತಂಗೈತೆ" ಎಂದು ಗೊಣಗುತ್ತಿದ್ದರು. ಮಾತು ಕಮ್ಮಿಯಾಯಿತು. ಮೊದಲೆಲ್ಲಾ ಹಬ್ಬ ಬಂದರೆ ಯಾರ ಸೀರೆಯ ಅಂಚು ಹೇಗಿದೆ ಎಂದು ಹೇಳದೆ ಬಿಡುತ್ತಿದ್ದವರಲ್ಲ. ಈಗ ನಮ್ಮವ್ವ ಹೊಸ ಸೀರೆ ಉಟ್ಟು ಎದುರಿಗೆ ನಿಂತರೂ "ಚೆನ್ನಾಗೈತೆ" ಎಂದು ಸುಮ್ಮನಾದರು. ಅವ್ವ ಹೆದರಿಬಿಟ್ಟಳು. "ಬೈಯಲಿಲ್ಲ ಕಣೋ! ಅಂಚು ಸೊಟ್ಟ ಐತೆ ಅಂತ ನನಗೇ ಗೊತ್ತು, ಆದ್ರೂ ಬೈಯಲಿಲ್ಲ!"

ಯುಗಾದಿಗೆ ಮಾವ ಮನೆಗೆಲ್ಲಾ ತಾವೇ ಸುಣ್ಣ ಬಳಿದರು. ಮಗ್ಗದ ಮನೆಗೂ ಬಳಿದರು. ಆದರೆ ಆ ಎಣ್ಣೆ ಕಲೆಯೊಂದನ್ನು ಬಿಟ್ಟು ಸುತ್ತ ಬಳಿದಿದ್ದರು! "ಮಾವ, ಇಲ್ಲಿ ಬಿಟ್ಟೋಗೈತೆ" ಎಂದೆ. "ಬ್ರಷ್ಷು ಎಟುಕಲಿಲ್ಲ" ಎಂದರು. ಕಲೆ ಇದ್ದದ್ದು ನನ್ನ ಸೊಂಟದ ಎತ್ತರದಲ್ಲಿ. ಮಾವನ ಪುಟದಲ್ಲಿ ಅದಕ್ಕೂ ಒಂದು ಗೀಟು ಹಾಕಿದೆ.

ಆಮೇಲಿನ ಒಂದು ಭಾನುವಾರ, ಮುದ್ದೆ ಮುರಿಯುತ್ತಾ ಮಾವ ಘೋಷಿಸಿದರು.

"ಹಿತ್ತಲಾಗೆ ಮೀನಿನ ಕೊಳ ಕಟ್ತೀನಿ. ದೊಡ್ಡದು."

ಅತ್ತೆ ಸಾರಿನ ಸೌಟು ಹಿಡಿದೇ ನಿಂತರು. "ಮನುಷ್ಯರಿಗೇ ನಲ್ಲಿ ನೀರು ಯಾವತ್ತು ಬರ್ತೈತೆ ಅಂತ ಗೊತ್ತಿಲ್ಲ. ಮೀನಿಗೆ ಎಲ್ಲಿಂದ ತರ್ತೀರಿ?"

"ಮಾಳಿಗೆ ಮೇಲಿನ ಮಳೆ ನೀರು, ಸಾಲದಿದ್ರೆ ನಮ್ಮ ಬೋರಿನ ನೀರು. ಹಳೇ ನೀರು ಕರಿಬೇವಿಗೆ, ತೆಂಗಿಗೆ. ಒಂದೇ ನೀರು, ಎರಡು ಡ್ಯೂಟಿ. ಗೋಡೆಗೆ ಒಂದು ಗಾಜಿನ ಕಿಟಕಿ ಇಟ್ರೆ ಒಳಗೇ ಕೂತು ಮೀನು ನೋಡಬೋದು."

"ಯಾವ ಗೋಡೆಗೆ?"

ಮಾವ ಮುದ್ದೆ ನುಂಗಿ, ನೀರು ಕುಡಿದು, ಆಮೇಲೆ ಹೇಳಿದರು. "ಮಗ್ಗದ ಮನೆ ಗೋಡೆಗೆ."

ಸೌಟು ಪಾತ್ರೆಯೊಳಗೆ ಬಿತ್ತು. "ನನ್ನ ಮಗ್ಗ ಕಳಿಸಿ ಆ ಜಾಗದಾಗೆ ಮೀನು ಕುಣಿಸ್ತೀರಾ? ಕುಣಿಸ್ರಿ! ನೇನು ಚೂಡನು! ಚೂಡನಂಟೇ ಚೂಡನು!"

ನೋಡಲ್ಲ ಅಂದರೆ ನೋಡಲ್ಲ. ಅದು ಮೊದಲನೇ ಗೀಟು. ಕೊಳ ಮುಗಿಯುವ ಹೊತ್ತಿಗೆ ಅತ್ತೆಯ 'ನೋಡಲ್ಲ'ಗಳಿಗೆ ಒಂದು ಪುಟ ಸಾಲದಾಯಿತು.

ಬಿ.ಜಿ. ಕೆರೆಯಿಂದ ಗಾರೆ ಮೇಸ್ತ್ರಿ ಬಂದರು. ಕೊಳವೆಂದರೆ ಹಳ್ಳ ತೋಡುವ ಕೊಳವಲ್ಲ. ಹಿತ್ತಲಿನ ಉದ್ದಕ್ಕೂ, ಮಗ್ಗದ ಮನೆಯ ಗೋಡೆಗೆ ಅಂಟಿಕೊಂಡು, ಎದೆಮಟ್ಟದ ಸಿಮೆಂಟು ತೊಟ್ಟಿ. ಗೋಡೆಯಲ್ಲಿ ಕಿಟಕಿ ಎಲ್ಲಿ ಬರಬೇಕೆಂದು ಮಾವ ಇದ್ದಿಲಲ್ಲಿ ಗುರುತು ಹಾಕಿದ್ದರು. ಮೇಸ್ತ್ರಿ ಗುರುತು ನೋಡಿದರು. ಮಾವನನ್ನು ನೋಡಿದರು. ಮತ್ತೆ ಗುರುತು ನೋಡಿದರು.

"ಅಣ್ಣಾ, ಕಣ್ಣಿನ ಮಟ್ಟಕ್ಕೆ ಅಂದ್ರಲ್ಲ, ಇದು ಯಾರ ಕಣ್ಣು?"

"ಯಾಕೆ?"

"ಇದು ನಾಯಿ ಕಣ್ಣಿನ ಮಟ್ಟ ಕಣಣ್ಣ!"

"ನಾಯೀನೇ ನೋಡ್ಲಿ ಬಿಡು, ನಿನಗೇನು? ಒಡಿ."

ಮೇಸ್ತ್ರಿ ನನ್ನ ಕಡೆ ನೋಡಿ ಹಣೆ ಮುಟ್ಟಿಕೊಂಡರು. ನಾನೂ ಮುಟ್ಟಿಕೊಂಡೆ.

ಇನ್ನು ಗಾಜು. ಅಂಗಡಿಯ ಗಾಜು ಅಷ್ಟು ನೀರು ತಡೆಯುವುದಿಲ್ಲ ಎಂಬುದು ಮಾವನ ವಾದ. ಚಳ್ಳಕೆರೆಯ ಗುಜರಿ ಅಂಗಡಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ಹಳೇ ಬಸ್ಸೊಂದರ ಮುಂದಿನ ಗಾಜಿನ ಅರ್ಧಭಾಗ ಗೋಡೆಗೆ ಒರಗಿತ್ತು. ದಪ್ಪ ಗಾಜು, ತುಸು ಬಾಗಿದ್ದು. ಮಾವ ಅದನ್ನು ಹೊಸ ಹಸುವಿನ ಮೈ ಸವರುವಂತೆ ಸವರಿದರು.

"ಬಸ್ ಕಿದರ್ ಹೈ ಭಾಯ್?" ಎಂದರು ಗುಜರಿಯ ಸಾಹೇಬರು.

"ಬಸ್ಸಿಲ್ಲ. ಮೀನೈತೆ."

ಸಾಹೇಬರು ಮಾವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆಮೇಲೆ ಗಾಜಿಗೆ ಸುತ್ತಲೆಂದು ಒಂದು ಹರಕು ಕಂಬಳಿಯನ್ನೂ ಕೊಟ್ಟರು. "ಇದ್ನೂ ತಕಂಡೋಗ್ರಿ. ಮೀನಿಗೆ ಚಳಿ ಆದಾತು."

ಆ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ 'ವಯಾ ನಾಯಕನಹಟ್ಟಿ' ಎಂದು ಬರೆದಿತ್ತು. ಕೆರೆದರೂ ಹೋಗಲಿಲ್ಲ. ಗಾಜಿನ ಉಬ್ಬಿದ ಮೈ ನೀರಿನ ಕಡೆಗೇ ಇದ್ದರೆ ಗಟ್ಟಿ ಎಂದು ಮಾವ ಹಾಗೇ ಕೂರಿಸಿ, ಸುತ್ತ ಕಬ್ಬಿಣದ ಚೌಕಟ್ಟು, ಟ್ಯೂಬಿನ ರಬ್ಬರು, ಸಾಲು ಬೋಲ್ಟು ಹಾಕಿ ಬಿಗಿದರು. ಆದ್ದರಿಂದ ಒಳಗೆ ನಿಂತ ನಮಗೆ ಅಕ್ಷರಗಳು ಉಲ್ಟಾ.

"ಮಾವ, ಓದೋಕೆ ಬರಲ್ವಲ್ಲ."

"ನಿನಗ್ಯಾಕ್ಲೇ ಓದೋಕೆ ಬರಬೇಕು? ಒಳಗಿರೋ ಮೀನಿಗೆ ಸರಿಯಾಗಿ ಕಾಣ್ತೈತೆ. ಎಲ್ಲಿಗೆ ಹೋಗ್ತಿದೀವಿ ಅಂತ ಗೊತ್ತಿರಬೇಕಾದ್ದು ಅವಕ್ಕೆ!"

ಆಗಸ್ಟಿನಲ್ಲಿ ವಾಣಿವಿಲಾಸ ಸಾಗರದ ಕಡೆಯಿಂದ ಕಾಟ್ಲಾ, ರೋಹು ಮರಿಗಳನ್ನು ತಂದೆವು. ಜೊತೆಗೆ ಕಣ್ಣಿಗೆ ಬಣ್ಣ ಇರಲೆಂದು ಕೆಂಪು, ಬಿಳಿ, ಚಿನ್ನದ ಬಣ್ಣದ ಒಂದಷ್ಟು ಅಲಂಕಾರದ ಮೀನು. ಗಾಳಿ ತುಂಬಿದ ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆವು. ಕಂಡಕ್ಟರು ಬಗ್ಗಿ ನೋಡಿದರು.

"ಇದೇನ್ರೀ ಯಜಮಾನ್ರೇ?"

"ಮೀನಿನ ಮರಿ."

"ಜೀವ ಐತಾ?"

"ಇಲ್ದೆ ಇದ್ರೆ ಮಡಿಲಾಗೆ ಕೂರಿಸ್ಕಂತಿದ್ನಾ?"

"ಜೀವ ಇದ್ದದ್ದಕ್ಕೆಲ್ಲಾ ಟಿಕೆಟ್ ಆಗ್ತೈತೆ. ಎಷ್ಟದಾವೆ?"

"ಎಣಿಸ್ಕಳ್ರಿ. ಆದ್ರೆ ಇವಕ್ಕೆ ಇನ್ನೂ ತಿಂಗಳು ತುಂಬಿಲ್ಲ. ಸಣ್ಣ ಮಕ್ಕಳಿಗೆ ಫ್ರೀ ಅಲ್ವಾ?"

ಇಡೀ ಬಸ್ಸು ನಕ್ಕಿತು. ಕಂಡಕ್ಟರು ಲಗೇಜು ಅಂತ ಒಂದು ಚೀಟಿ ಹರಿದು ಕೊಟ್ಟು ಮುಂದೆ ಹೋದರು. ಚಳ್ಳಕೆರೆ ದಾಟುವವರೆಗೂ ಹಿಂದೆ ತಿರುಗಿ ಎಣಿಸುತ್ತಲೇ ಇದ್ದರು!

ಮೀನುಗಳು ನೀರಿಗೆ ಹೊಂದಿಕೊಂಡ ಮೇಲೆ ಒಂದು ಭಾನುವಾರ ಮಾವ ನೆಂಟರನ್ನೂ ಅಕ್ಕಪಕ್ಕದವರನ್ನೂ ಕರೆದರು. ಮಂಡಕ್ಕಿ, ಮಿರ್ಚಿ, ಟೀ. ಬಂದವರೆಲ್ಲಾ ಮಗ್ಗದ ಮನೆಯಲ್ಲಿ ಕಿಟಕಿಯ ಮುಂದೆ ನಿಂತರು. ನಿಂತವರಿಗೆ ಕಂಡದ್ದು ಬರೀ ಗೋಡೆ. ಬಗ್ಗಿದರೆ ಮೀನು. ಒಂದು ಕೈಯಲ್ಲಿ ಟೀ, ಒಂದು ಕೈಯಲ್ಲಿ ಮಿರ್ಚಿ ಹಿಡಿದು ಎಷ್ಟು ಹೊತ್ತು ಬಗ್ಗಿರಲು ಸಾಧ್ಯ?

"ಲೇ ತಮ್ಮಾ, ನಾವು ಮೀನು ನೋಡ್ತಿಲ್ಲ ಕಣೋ. ಮೀನೇ ನನ್ನ ಮಂಡಿ ನೋಡ್ತಾ ಐತೆ!" ಎಂದಳು ಅವ್ವ.

"ನಾನು ಆವತ್ತೇ ಹೇಳ್ದೆ" ಎಂದರು ಮೇಸ್ತ್ರಿ.

ಅಷ್ಟರಲ್ಲಿ ಮಿರ್ಚಿಯ ವಾಸನೆಗೆ ಬೀದಿ ನಾಯಿಯೊಂದು ಒಳಗೆ ನುಗ್ಗಿತು. ಕಿಟಕಿಯ ಮುಂದೆ ಬಂದದ್ದೇ ತಡ, ಮಿರ್ಚಿಯನ್ನು ಮರೆತು ಹಾಗೇ ನಿಂತುಬಿಟ್ಟಿತು. ಆ ದಿನ ಬೆನ್ನು ಬಗ್ಗಿಸದೆ, ಸಾವಧಾನವಾಗಿ ಮೀನು ನೋಡಿದ್ದು ಅದೊಂದೇ.

ಎಲ್ಲರ ಜೊತೆ ಮಾವನೂ ನಕ್ಕರು. ಆದರೆ ಕಣ್ಣು ಬಾಗಿಲ ಕಡೆಗಿತ್ತು. ಅತ್ತೆ ಬಿಸಿ ಮಿರ್ಚಿ ಮೇಲಿಂದ ಮೇಲೆ ಕಳಿಸಿದರು. ತಾವು ಮಾತ್ರ ಬರಲಿಲ್ಲ.

ಆಮೇಲೆ ಪ್ರತಿ ಊಟದಲ್ಲೂ ಮಾವ ಸುದ್ದಿ ಓದಿದರು. "ಆ ಕೆಂಪು ಮೀನು ಇವತ್ತು ಗಾಜಿಗೆ ಬಾಯಿಟ್ಟು ಯಾರನ್ನೋ ಕರೀತಿತ್ತು."

"ಹಿಡಕೊಂಡ್ ಬರ್ರಿ, ಹುರಿದಾಕ್ತೀನಿ" ಎಂದರು ಅತ್ತೆ.

"ಆ ಚಿನ್ನದ ಬಣ್ಣದ್ದು ಥೇಟ್ ನಿನ್ನ ಜರಿ ಕಣೇ."

"ಅದೂ ಹುರಿದಾಕ್ತೀನಿ."

ಮಾವ ಸುಮ್ಮನೆ ಮುದ್ದೆ ಮುರಿದರು. ಅವರು ಇಷ್ಟು ಸುಲಭವಾಗಿ ಸೋತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆ ದಿನ ಗೀಟು ಹಾಕಲು ಮನಸ್ಸಾಗಲಿಲ್ಲ.

ಇದಾದ ಮೇಲೆ ಬಂದ ಒಂದು ಭಾನುವಾರ, ಮಾವ ಯಾರದೋ ಹೊಲದ ಮೋಟಾರು ನೋಡಲು ಹೋಗಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ಹಸಿ ಶೇಂಗಾ ಸುಲಿಯುತ್ತಿದ್ದರು. ನಾನು ಎದುರಿಗೆ ಕೂತು ತಿನ್ನುತ್ತಿದ್ದೆ. ಮಗ್ಗದ ಮನೆಯ ಬಾಗಿಲ ಕೆಳಗಿನಿಂದ ಸಣ್ಣಗೆ ನೀರು ಬಂತು.

ಓಡಿ ಹೋಗಿ ಚಿಲಕ ತೆಗೆದೆ. ಕಿಟಕಿಯ ಕೆಳಗಿನ ಮೂಲೆಯಲ್ಲಿ ರಬ್ಬರು ಸರಿದು ನೀರು ಒಸರುತ್ತಿತ್ತು. ಒಂದು ಕೈಯಲ್ಲಿ ಟವೆಲ್ಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಾವನಿಗೆ ಫೋನ್ ಮಾಡಿದೆ.

"ಯಾವ ಮೂಲೆ?"

"ಎಡಗಡೆ, ಕೆಳಗೆ."

"ಏನಾಗಲ್ಲ, ಹೆದರಬೇಡ. ಹದಿನಾಲ್ಕರ ಸ್ಪ್ಯಾನರ್ ಕಿಟಕಿ ಮೇಲೇ ಐತೆ. ಆ ಮೂಲೆ ಬೋಲ್ಟು ಎರಡು ಸುತ್ತು ಬಿಗಿ ಮಾಡು, ನಿಲ್ತೈತೆ."

ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ. "ಅಯ್ಯೋ! ನೀರು ಗುಂಡಿಗೆ ಹೋಗ್ತೈತಲ್ಲೋ!"

ಮಗ್ಗದ ಗುಂಡಿಗೆ ನೀರು ಬೀಳುವುದೆಂದರೆ ನೇಕಾರರಿಗೆ ಒಲೆಗೆ ನೀರು ಸುರಿದ ಹಾಗೆ. ಕೆಳಗಿನ ಹಲಗೆ ಹಾಳು, ಮೇಲಿನ ರೇಷ್ಮೆಗೆ ಥಂಡಿ. ಅತ್ತೆಗೆ ಆ ಕ್ಷಣ ಹಲಗೆಯೂ ಇಲ್ಲ, ರೇಷ್ಮೆಯೂ ಇಲ್ಲ ಎಂಬುದು ಮರೆತೇಹೋಗಿತ್ತು. ಹೊಸಿಲು ದಾಟಿ ಒಳಗೆ ಬಂದುಬಿಟ್ಟಿದ್ದರು!

"ಮಾವ" ಎಂದೆ ಫೋನಿನಲ್ಲಿ, ಮೆತ್ತಗೆ. "ಅತ್ತೆ ಒಳಗೆ ಬಂದ್ರು."

ಆ ಕಡೆ ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಮಾವ ಹೇಳಿದರು:

"ಹಂಗಾದ್ರೆ ಈಗ್ಲೇ ಬೋಲ್ಟು ಬಿಗಿ ಮಾಡಬೇಡ."

ಫೋನ್ ಇಟ್ಟರು. ನಾನು ಟವೆಲ್ಲು ಒತ್ತಿಕೊಂಡು ನಿಂತೆ.

ಗುಂಡಿಯನ್ನು ಮಾವ ಮಣ್ಣು ತುಂಬಿಸಿ ಮುಚ್ಚಿಸಿದ್ದಾರೆ ಎಂದೇ ಅತ್ತೆ ತಿಳಿದಿದ್ದರು; ಗಾಬರಿಯಲ್ಲಿ ಅದೂ ಮರೆತಿತ್ತು. ನಾನೂ ಹಾಗೇ ತಿಳಿದಿದ್ದೆ. ಅಲ್ಲಿ ಎರಡು ಕಡಪ ಕಲ್ಲು ಹಾಸಿತ್ತು. ನೀರು ಅದರ ಸಂದಿನಲ್ಲಿ ಇಳಿಯುತ್ತಿತ್ತು. ಮಣ್ಣು ತುಂಬಿದ್ದರೆ ನೀರು ಇಳಿಯುತ್ತದೆಯೇ? ಅತ್ತೆ ನನ್ನ ಕೈಯಿಂದ ಕಲ್ಲು ತೆಗೆಸಿದರು. ಕೆಳಗೆ ಗುಂಡಿ ಹಾಗೇ ಇತ್ತು. ಗುಡಿಸಿ ಸಾರಿಸಿ, ಕೂರುವ ಅಂಚಿಗೆ ಮಡಿಚಿದ ಕಂಬಳಿ ಹಾಸಿತ್ತು. ಗುಜರಿಯವರು ಕೊಟ್ಟ ಕಂಬಳಿ!

ಅತ್ತೆ ಒಂದು ಚೊಂಬು ತಂದು, ಅಭ್ಯಾಸದಂತೆ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟರು. ಮಂಡಿ ಮಡಿಚುವ ಪ್ರಶ್ನೆಯೇ ಇಲ್ಲ. ಬಗ್ಗಿ ನಾಲ್ಕು ಚೊಂಬು ನೀರು ಮೊಗೆದು ಕೊಟ್ಟರು. ಸುಸ್ತಾಗಿ ಹಿಂದಕ್ಕೆ ತಲೆ ಒರಗಿಸಿದರು. ತಲೆ ಹೋಗಿ ಸರಿಯಾಗಿ ಆ ಎಣ್ಣೆ ಕಲೆಯ ಮೇಲೆ ಕೂತಿತು. ಹೊಸ ಸುಣ್ಣದ ನಡುವೆ, ಬ್ರಷ್ಷು ಎಟುಕದ ಜಾಗದಲ್ಲಿ.

ಎದುರು ಗೋಡೆಯ ಕಿಟಕಿ ಅತ್ತೆಯ ಕಣ್ಣಿನ ನೇರಕ್ಕಿತ್ತು. ಮಗ್ಗ ಇದ್ದ ಜಾಗವೆಲ್ಲಾ ಖಾಲಿ, ನಡುವೆ ಏನೂ ಅಡ್ಡವಿಲ್ಲ. ಕೆಂಪು ಮೀನೊಂದು ಆ ಕಡೆಯಿಂದ ಬಂದು, ನಾಯಕನಹಟ್ಟಿಯ ಮೂಲಕ ಹಾದು, ಈ ಕಡೆ ಹೋಯಿತು.

ಅತ್ತೆಯ ಕಣ್ಣು ಅದರ ಹಿಂದೆಯೇ ಹೋಯಿತು. ನಾನು ಟವೆಲ್ಲು ಹಿಂಡಿದೆ, ಒತ್ತಿದೆ, ಮತ್ತೆ ಹಿಂಡಿದೆ. ಕೊನೆಗೆ ಅವರು ಬಾಯಿ ಬಿಟ್ಟರು.

"ಆ ಕೆಂಪು ಒಡಲಿಗೆ ಬಿಳಿ ಅಂಚು ಒಪ್ಪಲ್ಲ. ಯಾವನೋ ಅದನ್ನ ಮಾಡಿದ್ದು?"

ಮೊಪೆಡ್ಡಿನ ಸದ್ದು ಕೇಳಿತು. ಆ ಹೊಲದಿಂದ ಮನೆಗೆ ಯಾವ ವೇಗದಲ್ಲಿ ಬಂದರೋ ಗೊತ್ತಿಲ್ಲ. ಮಾವ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ, ಕೈ ಗ್ರೀಸಾಗಿತ್ತು.

"ಏನ್ರೀ, ಕಿಟಕಿ ಒಂದಂಗುಲ ಮೇಲಾಗೈತೆ" ಎಂದರು ಅತ್ತೆ, ಆ ಕಡೆ ತಿರುಗದೆ. "ಈ ಕಲೆ ನೋಡಿ ಅಳತೆ ತಗಂಡ್ರಾ? ನೇಯೋರು ತಲೆ ಒರಗಿಸ್ಕಂಡು ನೇಯ್ತಾರಾ? ಬಗ್ಗಿಸ್ಕಂಡಲ್ವಾ ನೇಯೋದು? ಇಷ್ಟು ವರ್ಷ ಮಗ್ಗದ ಮನೇಲಿದ್ದು ಅಷ್ಟೂ ಗೊತ್ತಾಗಲಿಲ್ವಾ?"

"ಗೊತ್ತಿತ್ತು" ಎಂದರು ಮಾವ. "ಬಗ್ಗಿಸಿದ್ದು ಸಾಕು ಅಂತ."

ಅತ್ತೆ ತಲೆಯನ್ನು ಆ ಕಲೆಗೆ ಇನ್ನಷ್ಟು ಒರಗಿಸಿದರು. ತೆಲುಗು ಹೊರಡಲಿಲ್ಲ. ಮಾವ ನನ್ನನ್ನು ನೋಡಿದರು. "ಏನ್ಲೇ ನಿಂತಿದೀಯಾ? ಬೋಲ್ಟು ಬಿಗಿ ಮಾಡು!"

ಈಗ ಪ್ರತಿ ಭಾನುವಾರ ನಾನು ಮಿಲ್ಲಿನಿಂದ ಶೇಂಗಾ ಹಿಂಡಿ ತೆಗೆದುಕೊಂಡು ಹೋಗುತ್ತೇನೆ. ಮೀನುಗಳಿಗೆ ಅದು ಬಹಳ ಇಷ್ಟ. ಬಂದ ನೆಂಟರು ಈಗಲೂ ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು, ಇದೆಂಥಾ ಕಿಟಕಿ ಎಂದು ಬೈದು ಹೋಗುತ್ತಾರೆ. ಮಾವ ಯಾರಿಗೂ ವಿವರಿಸುವುದಿಲ್ಲ. ನಮ್ಮವ್ವನ ಸೀರೆಯ ಅಂಚು ಸೊಟ್ಟ ಎಂದು ಅತ್ತೆ ಹೋದ ತಿಂಗಳು ಮುಖಕ್ಕೇ ಹೇಳಿದರು. ಅವ್ವ ಖುಷಿಯಾಗಿ ಇನ್ನೊಂದು ಮಿರ್ಚಿ ತಿಂದಳು.

ಸಂಜೆ ಅತ್ತೆ ಗುಂಡಿಗೆ ಕಾಲು ಇಳಿಬಿಟ್ಟು, ತಲೆ ಒರಗಿಸಿ ಕೂರುತ್ತಾರೆ. ಮಾವ ಹಿತ್ತಲಲ್ಲಿ ಹಿಂಡಿಯ ಡಬ್ಬಿ ಹಿಡಿದು, ಕೊಳದ ಈ ತುದಿಗೆ ಒಂದು ಹಿಡಿ ಹಾಕುತ್ತಾರೆ. ಮೀನುಗಳೆಲ್ಲಾ ಕಿಟಕಿ ಹಾದು ಈ ತುದಿಗೆ ಬರುತ್ತವೆ. ಮಾವ ಓಡಿ ಹೋಗಿ ಆ ತುದಿಗೆ ಒಂದು ಹಿಡಿ ಹಾಕುತ್ತಾರೆ. ಮೀನುಗಳೆಲ್ಲಾ ಆ ತುದಿಗೆ. ಮತ್ತೆ ಈ ತುದಿ, ಮತ್ತೆ ಆ ತುದಿ.

"ಲಾಳಿ ಹೋದಂಗೆ ಹೋಗ್ತಾವೆ ನೋಡು" ಎಂದರು ಅತ್ತೆ ನನಗೆ. ನಾನು ಮೀನು ನೋಡಲಿಲ್ಲ. ಗುಂಡಿಯೊಳಗೆ ಅತ್ತೆಯ ಎರಡು ಪಾದಗಳು, ಇಲ್ಲದ ಹಲಗೆಗಳ ಮೇಲೆ, ಒಂದಾದ ಮೇಲೊಂದು ಮೆಲ್ಲಗೆ ಏರಿ ಇಳಿಯುತ್ತಿದ್ದವು. ಅವರಿಗೆ ಅದು ಗೊತ್ತಿರಲಿಲ್ಲವೇನೋ.

ಹೊರಗೆ ಡಬ್ಬಿ ಖಾಲಿಯಾಗಿರಬೇಕು. ಮೀನುಗಳು ಒಂದು ಕಡೆ ನಿಂತುಬಿಟ್ಟವು. ಕಿಟಕಿ ಬರಿದಾಯಿತು.

ಅತ್ತೆ ತಲೆ ಎತ್ತಿ ಕೂಗಿದರು:

"ಎಳೆ ಕಡೀತು ನೋಡ್ರೀ!"

ಹಿತ್ತಲಿನಿಂದ ನಲ್ಲಿ ತಿರುಗಿಸಿದ ಸದ್ದು, ಅದರ ಹಿಂದೆಯೇ ಮಾವನ ದನಿ:

"ಬಂದೆ! ಕೈ ತೊಳ್ಕಂಡು ಬಂದೆ!"